ಆರು ತಿಂಗಳ ಮಟ್ಟಿಗೆ

ಕಳೆದ ತಿಂಗಳು ಮೊಣಕಾಲು ನೋವಿಗೆಂದು ಖಡೇಬಜಾರಿನ ಔಷಧಿ ಅಂಗಡಿಯಿಂದ ಬಿಸಿನೀರು ತುಂಬುವ ರಬ್ಬರ್ ಚೀಲ ತರಿಸಿದೆ. ಕೆಂಪು ಬಣ್ಣದ್ದು, ಮೈತುಂಬ ಗೆರೆ. ಕೆಲಸದಾಕೆ ಅದಕ್ಕೆ ಕುದಿನೀರು ಹಾಕಿ, ಟವೆಲ್ಲಿನಲ್ಲಿ ಸುತ್ತಿ ತಂದಿಟ್ಟಳು. ಹೊಸ ರಬ್ಬರು ಬಿಸಿಯಾದಾಗ ಬರುತ್ತದಲ್ಲ, ಆ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಒಳ್ಳೆಯ ವಾಸನೆಯೇನಲ್ಲ. ಆದರೂ ಕಾಲು ಚಾಚಿದವಳು ನೋವು ಮರೆತು ಹಾಗೆಯೇ ಕುಳಿತುಬಿಟ್ಟೆ. ಬೆಳಗಾವಿಯ ಸದಾಶಿವನಗರದ ಈ ಮನೆಯಿಂದ ಬಹಳ ದೂರದ ಊರಿನಲ್ಲಿ, ಬಹಳ ವರ್ಷಗಳ ಹಿಂದೆ, ಇಂಥದೇ ಒಂದು ಚೀಲವನ್ನು ನನ್ನ ಕೈಗೆ ಕೊಟ್ಟವರು ನೆನಪಾದರು. ಅವರನ್ನು ನಾನು ತಾಈ ಎಂದು ಕರೆಯುತ್ತಿದ್ದೆ.

ಎಪ್ಪತ್ತೈದರ ಚಳಿಗಾಲ. ಇಂಗ್ಲೆಂಡಿನ ಉತ್ತರದ ಕಡೆ, ನೂಲಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಊರು. ಅಲ್ಲಿಯ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬೆಳಗಾವಿಯಲ್ಲೇ ಡಾಕ್ಟರಿಕೆ ಓದಿದವಳು ನಾನು. ರವಿವಾರ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿ, ಮೂರು ವರ್ಷ ಕಲಿತು ಬಂದುಬಿಡುತ್ತೇನೆಂದು ಮಾತು ಕೊಟ್ಟು ಹೊರಟಿದ್ದೆ. ಅಲ್ಲಿ ಇಳಿದ ದಿನವೇ ಆ ಮಾತು ದೊಡ್ಡದೆನಿಸಿತು. ಡಾಕ್ಟರುಗಳ ವಸತಿಯಲ್ಲಿ ಒಂದು ಸಣ್ಣ ಕೋಣೆ ಕೊಟ್ಟಿದ್ದರು. ಕಿಟಕಿಯಾಚೆ ಮಧ್ಯಾಹ್ನಕ್ಕೇ ಕತ್ತಲಾಗುತ್ತಿತ್ತು. ಕೋಟು ಕಳಚಲೂ ಮನಸ್ಸಾಗದೆ ಮಂಚದ ಅಂಚಿಗೆ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

ತೆರೆದರೆ, ಸೀರೆಯ ಮೇಲೆ ಗಂಡಸರ ಸ್ವೆಟರು, ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಂಡ ಹೆಂಗಸು. ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯರು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ರಬ್ಬರ್ ಚೀಲ.

"ಬೆಳಗಾವಿಯಾಕಿ ಬಂದಾಳ ಅಂತ ಆಫೀಸಿನ್ಯಾಗ ಹೇಳಿದ್ರು. ಯಾವ ಗಲ್ಲಿ?"

ಏಳು ಸಮುದ್ರದಾಚೆ ಯಾರಾದರೂ ಗಲ್ಲಿ ಕೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. "ರವಿವಾರ ಪ್ಯಾಟಿ ರೀ," ಎಂದೆ. ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡೆ.

"ನಾ ಖಾನಾಪುರದಾಕಿ, ಇಲ್ಲೇ ಹೆರಿಗಿ ವಾರ್ಡಿನ ಡಾಕ್ಟರ್. ಹಿಡಿ, ಇದನ್ನ ಹಾಸಿಗಿ ಒಳಗ ಇಟಗೊ. ಅಳೂದೆಲ್ಲಾ ಆಮ್ಯಾಲೆ, ಮೊದಲ ಮೈ ಬೆಚ್ಚಗ ಮಾಡ್ಕೊ."

ಅವರ ಮನೆಯ ಮಾತು ಮರಾಠಿ. ಅಕ್ಕನಿಗೆ ಅವರಲ್ಲಿ ತಾಈ ಎನ್ನುತ್ತಾರೆ. ಹಾಗೆಯೇ ಕರೆ ಎಂದರು. ಕನ್ನಡದವಳಾದ ನನ್ನ ನಾಲಗೆಯ ಮೇಲೆ ಅದು ತಾಯಿ ಎಂದೇ ಬೀಳುತ್ತಿತ್ತು. "ಅಷ್ಟ ಮುದಿಕಿ ಮಾಡಬ್ಯಾಡ ನನ್ನ," ಎಂದು ನಗುತ್ತಿದ್ದರು.

ಬೆಳಗಾವಿಯಲ್ಲಿ ಇದ್ದಿದ್ದರೆ ನಾವಿಬ್ಬರೂ ಮಾತಾಡುತ್ತಿದ್ದೆವೋ ಇಲ್ಲವೋ. ನಮ್ಮ ಕಾಕಾ ಗಡಿ ಗಲಾಟೆಯಲ್ಲಿ ಕನ್ನಡದ ಪರವಾಗಿ ಹಿಂಡಲಗಾ ಜೈಲಿಗೆ ಹೋಗಿ ಬಂದವರು. ಒಂದು ಸಂಜೆ ಅದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ತಾಈ ಸೌಟು ಹಿಡಿದವರು ಹಾಗೆಯೇ ನಿಂತರು. ಅವರ ಅಣ್ಣನೂ ಅದೇ ಗಲಾಟೆಯಲ್ಲಿ, ಮರಾಠಿಯ ಪರವಾಗಿ, ಅದೇ ಜೈಲಿನಲ್ಲಿ ಇದ್ದನಂತೆ. "ಅಂದ್ರ ಇಬ್ರೂ ಒಂದ ಮನಿ ಅನ್ನ ಉಂಡಾರ," ಎಂದರು. ಅಡುಗೆಮನೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದ ಕೋಣೆಯ ಐರಿಷ್ ಡಾಕ್ಟರು ಏನಾಯಿತೆಂದು ಬಂದು ನೋಡಿದರು. ಏನೆಂದು ಹೇಳುವುದು ಅವರಿಗೆ...

ತಾಈ ಕೂತದ್ದನ್ನು ನಾನು ಕಂಡದ್ದು ಕಡಿಮೆ. ಚಹಾ ನಿಂತೇ ಕುಡಿಯುತ್ತಿದ್ದರು. ಪುಸ್ತಕ ಓದಿದರೂ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಓದುವುದು. ರಜೆಯ ದಿನ ಬಸ್ ನಿಲ್ದಾಣಕ್ಕೆ ಹೋಗಿ, ಮೊದಲು ಬಂದ ಬಸ್ಸು ಹತ್ತಿ, ಅದರ ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಬೈದುಕೊಂಡು ಅದೇ ಬಸ್ಸಿನಲ್ಲಿ ವಾಪಸು. ನನ್ನನ್ನೂ ಎಳೆದೊಯ್ಯುತ್ತಿದ್ದರು. ಕಿಟಕಿಯಿಂದ ಕುರಿ, ಕಲ್ಲುಗೋಡೆ, ಮಂಜು ನೋಡುತ್ತ, "ನಮ್ಮ ಜಾಂಬೋಟಿ ಕಡೆ ಹಿಂಗ ಇರತದ ನೋಡು, ಇಲ್ಲಿ ಮರಾ ಇಲ್ಲ ಅಷ್ಟ," ಎಂದು ಹೇಳಿ, ಮರುಕ್ಷಣವೇ, "ಹಿಂಗೇನ ಇರೂದಿಲ್ಲ ಬಿಡು," ಎಂದುಬಿಡುತ್ತಿದ್ದರು.

ಆಪರೇಷನ್ ಟೇಬಲ್ಲಿನ ಮುಂದೆ ಮಾತ್ರ ಅವರು ಬೇರೆಯೇ ಮನುಷ್ಯರು. ಅಲ್ಲಿ ಅವರ ಹೆಗಲು ಅಲುಗುತ್ತಿರಲಿಲ್ಲ. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನಾನು ನೋಡಿದ್ದುಂಟು. ನನಗೆ ಮೊದಲ ಸಲ ಇಕ್ಕಳ ಹಾಕಿ ಹೆರಿಗೆ ಮಾಡಿಸುವ ಸರದಿ ಬಂದಾಗ ಒಮ್ಮೆಲೇ ಎಳೆಯಲು ಹೋದೆ. ತಾಈ ನನ್ನ ಬೆನ್ನ ಹಿಂದೆ ನಿಂತು, ಆ ಇಂಗ್ಲಿಷ್ ಆಸ್ಪತ್ರೆಯಲ್ಲಿ, ಕನ್ನಡದಲ್ಲಿ ಹೇಳಿದರು: "ಗಡಬಡ ಮಾಡಬ್ಯಾಡ. ಜಗ್ಗಬ್ಯಾಡ. ಆಕಿ ಮುಕ್ಕಿದಾಗ ಅಷ್ಟ ಕೈ ಕೊಡು." ಟೇಬಲ್ಲಿನ ಮೇಲಿದ್ದ ಹೆಂಗಸು, ಅವರೇನು ಹೇಳಿದರು ಎಂದು ಹೆದರಿ ಕೇಳಿದಳು. ನೀವು ಬಹಳ ಚೆನ್ನಾಗಿ ಮುಕ್ಕುತ್ತಿದ್ದೀರಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಖುಷಿಯಾಗಿ ಇನ್ನೊಮ್ಮೆ ಮುಕ್ಕಿದಳು. ಕೂಸು ಬಂತು.

ಆ ದೇಶದ ದೊಡ್ಡ ಪರೀಕ್ಷೆಯನ್ನು ತಾಈ ಎಂದೋ ಪಾಸು ಮಾಡಿದ್ದರು. ಅವರ ಕೈಕೆಳಗೆ ಕಲಿತ ಅಲ್ಲಿಯ ಹುಡುಗರು ಮೇಲಿನ ಹುದ್ದೆಗೆ ಹೋಗಿ ಕೂತಿದ್ದರು. ತಾಈ ಮಾತ್ರ ಸಂದರ್ಶನಕ್ಕೆ ಹೋಗುವುದು, ಬರುವುದು. ಯಾರೂ ಒರಟಾಗಿ ಮಾತಾಡುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ, ಚಹಾ ಕೊಟ್ಟು, ನಿಮ್ಮ ಕೆಲಸ ಬಹಳ ಮೆಚ್ಚಿಗೆಯಾಗಿದೆ ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಬಂದ ದಿನ ತಾಈ ನಮ್ಮೆಲ್ಲರ ಅಡುಗೆಮನೆಯನ್ನು ತೊಳೆಯುತ್ತಿದ್ದರು. ಒಲೆ, ಗೋಡೆ, ಕಪಾಟಿನ ಒಳಗೆಲ್ಲ. ಎಪ್ಪತ್ತೆಂಟರ ವಸಂತದಲ್ಲಿ ಒಂದು ದಿನ ಬಂದವರು ಅಡುಗೆಮನೆಗೆ ಹೋಗಲಿಲ್ಲ. ನನ್ನ ಬಾಗಿಲಲ್ಲಿ ನಿಂತು, "ಸಾಕಾತು. ನಾ ಊರಿಗೆ ಹೊಂಟೆ," ಎಂದರು.

"ಊರಾಗ ಏನ್ ಮಾಡ್ತೀರಿ ತಾಈ?"

"ಇಲ್ಲಿ ಬಸುರಿ ಹೆಂಗಸರಿಗೆ ಡಾಕ್ಟರ್ ಭಾಳ ಮಂದಿ ಅದಾರ. ಅಲ್ಲಿ ಅಡವಿ ಹಳ್ಳ್ಯಾಗ ಗಾಡಿ ಕಟಗೊಂಡು ಬರೂದರಾಗ ಹೋಗಿಬಿಡ್ತಾವ. ಅಲ್ಲೇ ಮಾಡೂದು."

ಹೋದರು. ಅವರಿಲ್ಲದ ಆ ಊರಿನಲ್ಲಿ ನನಗೂ ಕಾಲು ನಿಲ್ಲದಂತಾಯಿತು. ಎರಡು ಆಸ್ಪತ್ರೆ ಬದಲಿಸಿದೆ. ಪರೀಕ್ಷೆ ಪಾಸಾದೆ. ಅಪ್ಪನಿಗೆ ಕೊಟ್ಟ ಮೂರು ವರ್ಷದ ಮಾತು ಯಾವಾಗಲೋ ಮೀರಿಹೋಗಿತ್ತು. ಎಂಬತ್ತೊಂದರಲ್ಲಿ, ನಾನು ಆಸೆಪಟ್ಟಿದ್ದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಗಸ್ಟಿನಲ್ಲಿ ಸೇರಬೇಕಿತ್ತು. ಅದಕ್ಕೆ ಮೊದಲು ಒಮ್ಮೆ ಮನೆಯವರ ಮುಖ ನೋಡಿ ಬರೋಣವೆಂದು ಜೂನ್ ಕೊನೆಗೆ ಬೆಳಗಾವಿಗೆ ಬಂದೆ.

ಮನೆಯಲ್ಲಿ ಅವ್ವ ದಿನಕ್ಕೊಂದು ವರನ ಸುದ್ದಿ ತೆಗೆಯುತ್ತಿದ್ದಳು. ಪೇಟೆಯಲ್ಲಿ ಎಲ್ಲರೂ "ಲಂಡನ್ನಿಂದ ಯಾವಾಗ ಬಂದ್ರಿ" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಯಾವಾಗ ಹೋಗೂದು" ಎಂದು ಕೇಳುತ್ತಿದ್ದರು. ಒಂದು ವಾರಕ್ಕೇ ಉಸಿರು ಕಟ್ಟಿದಂತಾಯಿತು. ಒಂದು ಬೆಳಿಗ್ಗೆ ರೈಲು ಹತ್ತಿ ಖಾನಾಪುರಕ್ಕೆ ಹೋದೆ.

ಹಂಚು ಮಾರುವ ಸಾಹುಕಾರರೊಬ್ಬರ ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು ತಾಈ ದವಾಖಾನೆ ಮಾಡಿದ್ದರು. ನಡುವೆ ಪ್ಲೈವುಡ್ಡಿನ ಗೋಡೆ. ಈಚೆಗೆ ಮಂಚಗಳು, ಆಚೆಗೆ ಆಪರೇಷನ್ ಕೋಣೆ. ಗೋವಾ ಕಡೆಯ ನರ್ಸ್ ಒಬ್ಬಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ತಾಈ ಬಡಕಲಾಗಿದ್ದರು, ಅರ್ಧ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು, "ಬಾ," ಎಂದವರೇ ಒಬ್ಬ ಬಾಣಂತಿಯ ಕಡೆ ಕೈ ಮಾಡಿ, "ಈಕಿನ್ನ ನೋಡು ಮೊದಲ," ಎಂದರು. ಮೂರು ವರ್ಷದ ಮೇಲೆ ಕಂಡವಳಿಗೆ ಅದೇ ಸ್ವಾಗತ.

ಮಧ್ಯಾಹ್ನ ಊಟದ ಹೊತ್ತಿಗೆ ಒಂದೊಂದಾಗಿ ಹೊರಬಂತು. ಊರಿನ ಅನುಕೂಲಸ್ಥರು ಅವರ ಬಳಿ ಬರುತ್ತಿರಲಿಲ್ಲ. ಅಷ್ಟು ದೊಡ್ಡ ದೇಶ ಬಿಟ್ಟು ಒಬ್ಬಳೇ ಇಲ್ಲಿಗೆ ಬಂದಿದ್ದಾಳೆಂದರೆ ಅಲ್ಲಿ ಏನೋ ಆಗಿರಬೇಕು ಎಂಬ ಮಾತು ಊರಲ್ಲಿ ಓಡಾಡುತ್ತಿತ್ತು. ಬರುವವರೆಲ್ಲ ಅಡವಿಯ ಹಳ್ಳಿಗಳವರು, ಎಲ್ಲ ಮುಗಿಯುವ ಹೊತ್ತಿಗೆ ಬರುವವರು. ರಕ್ತ ಬೇಕೆಂದರೆ ಬೆಳಗಾವಿಗೆ ಓಡಬೇಕು. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ತಾಈ ಅನ್ನ ಕಲಿಸುತ್ತ, ಎದ್ದು ಕಿಟಕಿಗೆ ಹೋಗಿ, ಮತ್ತೆ ಬಂದು ಕೂತು ಇದನ್ನೆಲ್ಲ ಹೇಳಿದರು. ಆಮೇಲೆ ತಟ್ಟೆ ಸರಿಸಿದರು. "ಅಲ್ಲಿದ್ದಾಗ ಇಲ್ಲೀದ ಧ್ಯಾಸ. ಇಲ್ಲಿ ಬಂದ್ರ ಅಲ್ಲೀದ. ನನಗ ಏನ್ ಆಗೇತಿ ಅನ್ನೂದು ನನಗ ತಿಳಿವಲ್ತು."

ತಟ್ಟೆ ಎತ್ತುವಷ್ಟರಲ್ಲಿ ಹೊರಗೆ ಕಟ್ಟಿಗೆ ಸಾಗಿಸುವ ಲಾರಿಯೊಂದು ಬಂದು ನಿಂತಿತು. ಕಣಕುಂಬಿಯ ಆಚೆಯ ಒಂದು ಹಳ್ಳಿಯಿಂದ ಬಸುರಿಯನ್ನು ಮಲಗಿಸಿಕೊಂಡು ಬಂದಿದ್ದರು. ಹತ್ತೊಂಬತ್ತೋ ಇಪ್ಪತ್ತೋ ವರ್ಷದ ಹೆಣ್ಣು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು, ಅದರ ಒಂದು ಕೈ ಹೊರಗೆ ಬಂದುಬಿಟ್ಟಿತ್ತು. ಬೆಳಗಾವಿಗೆ ಕಳಿಸುವಷ್ಟು ವೇಳೆ ಇರಲಿಲ್ಲ.

ತಾಈ ನನ್ನ ಮುಖ ನೋಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಕೈ ತೊಳೆಯಲು ಹೋದೆ.

ಅವಳಿಗೆ ಅರಿವಳಿಕೆ ಕೊಟ್ಟು ತಲೆಯ ಕಡೆ ನಾನು ನಿಂತೆ, ಹೊಟ್ಟೆಯ ಕಡೆ ತಾಈ. ಹೊಟ್ಟೆ ಕೊಯ್ದು ಕೂಸನ್ನು ತೆಗೆದದ್ದು ಬೇಗನೆ. ಆದರೆ ಅದು ನೀಲಿಗಟ್ಟಿತ್ತು, ತಣ್ಣಗಿತ್ತು. ನರ್ಸ್ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಸ್ಟೀಲಿನ ತಟ್ಟೆಯಲ್ಲಿ ಬಟ್ಟೆ ಹಾಸಿ ಮಲಗಿಸಿದಳು. ಎರಡೂ ಮಗ್ಗುಲಿಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಳು. ಅವು ತಾಈ ಇಂಗ್ಲೆಂಡಿನಿಂದ ತಂದವು. ಇತ್ತ ಆ ಹೆಣ್ಣಿನ ಗರ್ಭಕೋಶ ಬಿಗಿಯಾಗದೆ ರಕ್ತ ಹರಿಯತೊಡಗಿತು. ಇಂಜೆಕ್ಷನ್ ಕೊಟ್ಟೆ, ಇನ್ನೊಂದು ಕೊಟ್ಟೆ. ನಾಡಿ ಬೆರಳಿಗೆ ಸಿಕ್ಕು ಸಿಕ್ಕು ತಪ್ಪುತ್ತಿತ್ತು. ತಾಈ ಎರಡೂ ಕೈಯಲ್ಲಿ ಗರ್ಭಕೋಶವನ್ನು ಹಿಡಿದು ಹಿಂಡುತ್ತ ನಿಂತರು. ಹಣೆಯ ಬೆವರು ಹುಬ್ಬಿನ ಮೇಲೆ ಬಂದು ನಿಂತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ... ಕೊನೆಗೆ, "ಬಿಗಿ ಆಗಾಕತ್ತೈತಿ," ಎಂದರು, ತಮಗೇ ಹೇಳಿಕೊಂಡಂತೆ. ಅದೇ ಹೊತ್ತಿಗೆ ಮೂಲೆಯಲ್ಲಿ ಕೂಸು ಬೆಕ್ಕಿನ ಮರಿಯ ಹಾಗೆ ದನಿ ತೆಗೆಯಿತು. ಹೊರಗೆ ಲಾರಿಯ ಡ್ರೈವರ್ ದೊಡ್ಡದಾಗಿ ದೇವರ ಹೆಸರು ಹೇಳಿದ್ದು ಕೇಳಿಸಿತು.

ನನಗೆ ಹಾರಾಡುವಷ್ಟು ಸಂತೋಷವಾಗಿತ್ತು. ಕೈ ತೊಳೆಯುತ್ತ ಏನೇನೋ ಮಾತಾಡಿದೆ. ತಾಈ ಹಿತ್ತಲ ಕಟ್ಟೆಯ ಮೇಲೆ ಕೂತರು. ಕೂತರು ಎಂಬುದೇ ನನಗೆ ಹೊಸದಾಗಿ ಕಂಡಿತು.

"ಇವತ್ತ ಆಕಿ ಯಾಕ ಉಳದ್ಲು ಗೊತ್ತೈತೇನು? ನೀ ಇದ್ದಿ ಅಂತ. ಹೋದ ತಿಂಗಳ ಇದ ಟೇಬಲ್ ಮ್ಯಾಲೆ ಇಂಥಾ ಒಬ್ಬಾಕಿ ನನ್ನ ಕೈಯಾಗ ಹೋದ್ಲು. ನಾ ಹೊಟ್ಟಿ ನೋಡ್ಲೋ, ಉಸರ ನೋಡ್ಲೋ? ಒಬ್ಬಾಕಿ ಏನೇನ ಹಿಡೀಲಿ?"

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ನಾ ಜಾಂಬಿಯಾಕ್ಕ ಹೊಂಟೇನಿ. ಆಫ್ರಿಕಾ. ಸರಕಾರಿ ಆಸ್ಪತ್ರಿ, ರಕ್ತ ಸಿಗತದ, ಜೋಡಿ ನಾಕ ಮಂದಿ ಡಾಕ್ಟರ್ ಇರ್ತಾರ. ಬರೂ ಐತವಾರ ಹೋಗೂದು."

"ಮತ್ತ ಇದು?"

"ಆರು ತಿಂಗಳ ಮಟ್ಟಿಗೆ ನೀ ನೋಡ್ಕೊ. ನಾ ಒಂದೀಟು ಉಸರ ತಗೊಂಡು ಬರ್ತೀನಿ."

ಮೈಯೆಲ್ಲ ಉರಿಯಿತು ನನಗೆ. "ನನಗ ಅಲ್ಲಿ ಕೆಲಸ ಕಾದೈತ್ರಿ. ನಿಮಗ ಗೊತ್ತಿದ್ದೂ ಹೆಂಗ ಕೇಳ್ತೀರಿ?"

"ಗೊತ್ತೈತಿ. ಅದಕ್ಕ ಆರು ತಿಂಗಳ ಅಂದೆ."

ಆಗುವುದಿಲ್ಲ ಎಂದೆ. ಮುಂಚೆಯೇ ನಿರ್ಧಾರ ಮಾಡಿ, ಬಂದವಳನ್ನು ಹಿಡಿದು ಹಾಕುವುದು ನ್ಯಾಯವಲ್ಲ ಎಂದೆ. ತಾಈ ಇನ್ನೊಂದು ಮಾತು ಆಡಲಿಲ್ಲ. ಬೇಡಿಕೊಂಡಿದ್ದರೆ ನಾನು ಇನ್ನೂ ಗಟ್ಟಿಯಾಗುತ್ತಿದ್ದೆನೇನೋ. ಸಂಜೆಯ ಬಸ್ಸಿಗೆ ಬೆಳಗಾವಿಗೆ ಮರಳಿದೆ. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ದಿನಗಳಲ್ಲಿ ಸುಮ್ಮನೆ ಪೇಟೆ ಸುತ್ತಿದೆ, ಬೇಕಿಲ್ಲದ ಸೀರೆ ಕೊಂಡೆ, ಅವ್ವನೊಂದಿಗೆ ಜಗಳಾಡಿದೆ. ಒಂದೇ ಯೋಚನೆ ತಲೆಯಲ್ಲಿ ಕೊರೆಯುತ್ತಿತ್ತು: ಆ ಕಣಕುಂಬಿಯ ಹೆಣ್ಣಿನ ಹೊಲಿಗೆ ಬಿಚ್ಚುವ ದಿನಕ್ಕೆ ತಾಈ ಇರುವುದಿಲ್ಲ. ಯಾರು ಬಿಚ್ಚಬೇಕು?

ಹೊಲಿಗೆ ಬಿಚ್ಚಿ ಬರುತ್ತೇನೆ, ಅಷ್ಟೇ, ಎಂದು ಹೋದೆ. ತಾಈ ಆಗಲೇ ಹೊರಟುಹೋಗಿದ್ದರು. ನರ್ಸ್ ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಹೊಲಿಗೆ ಬಿಚ್ಚಿದೆ. ಗಾಯದ ಒಂದು ಮೂಲೆ ಕೀವಾಗಿತ್ತು. ಇನ್ನು ನಾಲ್ಕು ದಿನ ತೊಳೆದು ಕಟ್ಟಬೇಕಾಯಿತು. ಅಷ್ಟರಲ್ಲಿ ಹೊರಗಿನ ಬೆಂಚಿನ ಮೇಲೆ ಕಾಲು ಬಾತ ಬಸುರಿಯೊಬ್ಬಳು ಬಂದು ಕೂತಳು. ಅವಳ ರಕ್ತದೊತ್ತಡ ನೋಡಿ, ಮಲಗಿಸಿಕೊಂಡೆ. ಅವಳು ಹೆರುವತನಕ ಎಂದುಕೊಂಡೆ. ಅವಳ ಹೆರಿಗೆಯ ದಿನ ಇನ್ನಿಬ್ಬರು ಬಂದರು. "ನೀವು ಇರ್ತೀರೆಲ್ರಿ ಬಾಯಾರ?" ಎಂದು ಒಬ್ಬಳ ಅತ್ತೆ ಕೇಳಿದಳು. "ಸದ್ಯಕ್ಕ ಇರ್ತೀನಿ," ಎಂದೆ. ಇಂಗ್ಲೆಂಡಿಗೆ ಬರೆದು ಕೆಲಸಕ್ಕೆ ಸೇರುವುದನ್ನು ಮುಂದಕ್ಕೆ ಹಾಕಿಸಿಕೊಂಡೆ. ಎರಡನೆಯ ಸಲ ಕೇಳಿದಾಗ ಅವರು ಬಹಳ ಸೌಜನ್ಯದಿಂದ ಆ ಜಾಗವನ್ನು ಬೇರೆಯವರಿಗೆ ಕೊಟ್ಟರು.

ಹೀಗೆ ಬರೆದರೆ ತ್ಯಾಗದ ಹಾಗೆ ಕಾಣುತ್ತದೆ. ಅಲ್ಲ. ಆ ವರ್ಷಗಳಲ್ಲಿ ನಾನು ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಪುಣೆಯ ಕಡೆ ಹೋಗುವ ರೈಲು ಕೂಗಿದರೆ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಆರು ತಿಂಗಳು ಕಳೆದವು, ವರ್ಷ ಕಳೆಯಿತು. ಜಾಂಬಿಯಾದಿಂದ ಚೀಟಿಗಳು ಬರುತ್ತಿದ್ದವು: ಮಳೆ ಹೇಗಿದೆ, ನರ್ಸ್ ಹೇಗಿದ್ದಾಳೆ, ಇನ್ನು ಸ್ವಲ್ಪ ದಿನ. ನಾನು ಒಂದಕ್ಕೂ ಉತ್ತರಿಸಲಿಲ್ಲ. ಆದರೆ ಪ್ಲೈವುಡ್ಡಿನ ಗೋಡೆ ತೆಗೆಸಿ ಇಟ್ಟಿಗೆಯದು ಕಟ್ಟಿಸಿದೆ. ಬೆಳಗಾವಿಯಿಂದ ವಾರಕ್ಕೆರಡು ದಿನ ಅರಿವಳಿಕೆಯ ಡಾಕ್ಟರು ಬರುವಂತೆ ಮಾಡಿದೆ. ಸಾಹುಕಾರರ ಸೊಸೆ ಮೊದಲ ಹೆರಿಗೆಗೆ ಬಂದಳು. ಆಮೇಲೆ ಊರೇ ಬಂತು. ಅಲ್ಲಿಯ ಹೈಸ್ಕೂಲಿನ ಮಾಸ್ತರರೊಬ್ಬರನ್ನು ಮದುವೆಯೂ ಆದೆ. ಅದು ಬೇರೆ ಕತೆ.

ಎಂಬತ್ತೈದರ ಡಿಸೆಂಬರಿನಲ್ಲಿ ತಾಈ ಬಂದರು. ಮುನ್ಸೂಚನೆ ಇಲ್ಲದೆ, ಒಂದು ಬೆಳಿಗ್ಗೆ, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ಮುಖದಲ್ಲಿ ಕಳೆ ಇತ್ತು. ಒಂದೊಂದೇ ಮಂಚದ ಬಳಿ ಹೋಗಿ ನೋಡಿದರು. ಹೊಸ ಗೋಡೆಯನ್ನು ಅಂಗೈಯಿಂದ ಮುಟ್ಟಿದರು. ಬಾಣಂತಿಯೊಬ್ಬಳು ಇವರು ಯಾರೆಂದು ನನ್ನನ್ನು ಕೇಳಿದಳು. ದವಾಖಾನೆ ಇವರದೇ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಚಹಾ ಮಾಡಿಕೊಟ್ಟೆ. ಎಷ್ಟೋ ವರ್ಷ ಮನಸ್ಸಿನಲ್ಲಿ ಉರು ಹೊಡೆದಿಟ್ಟಿದ್ದ ಮಾತು ಆಗ ಬಾಯಿಗೆ ಬಂತು.

"ಆರು ತಿಂಗಳ ಅಂದಿದ್ರಿ."

ತಾಈ ಲೋಟ ಕೆಳಗಿಟ್ಟರು. "ನಾ ಸುಳ್ಳ ಹೇಳಿದ್ದಿಲ್ಲ. ಆವಾಗ ನನಗೂ ಹಂಗ ಅನಿಸಿತ್ತು."

"ಈಗ ಬಂದೀರೆಲ್ಲ. ಇರ್ರಿ. ಇಬ್ರೂ ಕೂಡಿ ಮಾಡೂಣು. ಇದು ನಿಮ್ಮದು."

ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ತಿರುಗಿ ಬಂದರು. "ಎಂಟ ದಿನ ಚಂದ ಇರ್ತೀನಿ. ಒಂಬತ್ತನೇ ದಿನ ಮತ್ತ ಶುರು ಆಗತದ. ನನಗ ನನ್ನ ಸ್ವಭಾವ ಗೊತ್ತೈತಿ ಪೋರಿ. ನೀ ಕಟ್ಟೀದಿ, ನಾ ಬಂದು ಕೆಡವಬಾರದು." ಆಮೇಲೆ ನನ್ನ ಮುಖ ನೋಡಿ, "ನಿನಗ ಸಿಟ್ಟೈತಿ?" ಎಂದರು.

"ಐತ್ರಿ," ಎಂದೆ.

"ಇರಲಿ. ಇರಬೇಕು ಅದು."

ಎಂಟು ದಿನವೂ ಇರಲಿಲ್ಲ ಅವರು. ಇದ್ದಷ್ಟು ದಿನ ಇಬ್ಬರೂ ಸೇರಿ ಆಪರೇಷನ್ ಮಾಡಿದೆವು. ಅವರ ಹೆಗಲು ಅಲುಗದೆ ನಿಲ್ಲುವುದನ್ನು ಮತ್ತೆ ಕಂಡೆ. ಹೊರಡುವ ದಿನ ಖಾನಾಪುರ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಬರುವತನಕ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದರು. ನಾನೂ ಅವರ ಜೊತೆ ನಡೆದೆ.

ಮೂರು ವರ್ಷದ ಮೇಲೆ ಅವರ ಅಣ್ಣ, ಹಿಂಡಲಗಾ ಜೈಲು ಕಂಡಿದ್ದವರು, ದವಾಖಾನೆಗೆ ಬಂದರು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮಲೇರಿಯಾ ಮಿದುಳಿಗೆ ಏರಿ ತಾಈ ಜಾಂಬಿಯಾದಲ್ಲಿಯೇ ತೀರಿಕೊಂಡಿದ್ದರು. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿಯೇ. ಸುದ್ದಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಅಲ್ಲಿಯವರೇ ಎಲ್ಲ ಮುಗಿಸಿದ್ದರು. ಐವತ್ತು ವರ್ಷವೂ ಆಗಿರಲಿಲ್ಲ ಅವರಿಗೆ. ಅಣ್ಣ ಮರಾಠಿಯಲ್ಲಿ ಹೇಳಿದರು, ನಾನು ಮರಾಠಿಯಲ್ಲೇ ಉತ್ತರ ಕೊಟ್ಟೆ. ಒಳಗೆ ಹೆರಿಗೆ ನೋವಿನಲ್ಲಿ ಒಬ್ಬಳು ಕೂಗುತ್ತಿದ್ದಳು. ಎದ್ದು ಹೋದೆ.

ಆ ಸಿಟ್ಟು ಏನಾಯಿತು ಎಂದು ಈಗ ಯೋಚಿಸುತ್ತೇನೆ. ಹೋಗಿಲ್ಲ ಅದು. ಬದುಕು ಕೆಟ್ಟಿತೆಂದಲ್ಲ, ಚೆನ್ನಾಗಿಯೇ ಕಳೆಯಿತು. ಆದರೆ ಅದನ್ನು ಆರಿಸಿದ್ದು ನಾನೋ ಅವರೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಜಗಳ ಅರ್ಧಕ್ಕೇ ನಿಂತಿದೆ, ಎದುರಿಗಿದ್ದವರು ಎದ್ದು ಹೋಗಿಬಿಟ್ಟರು...

ಮೊನ್ನೆ ಐತವಾರ ಮಗನ ಕಾರಿನಲ್ಲಿ ಖಾನಾಪುರಕ್ಕೆ ಹೋದೆ. ದವಾಖಾನೆ ಮುಚ್ಚಿ ಹತ್ತು ವರ್ಷದ ಮೇಲಾಯಿತು. ಆ ಜಾಗದಲ್ಲಿ ಈಗ ನೆಲಕ್ಕೆ ಹಾಸುವ ಟೈಲ್ಸು, ನಲ್ಲಿ, ಬೇಸಿನ್ನು ಮಾರುವ ಅಂಗಡಿ. ಮಾಲಕ ಹೊರಗಿನಿಂದ ಬಂದವನು, ನನ್ನ ಗುರುತಿಲ್ಲ. ಒಳಗೆ ಕರೆದ.

"ಏನ್ ತೋರಿಸ್ಲಿರಿ ಅಮ್ಮಾರ?"

"ಏನಿಲ್ಲಪಾ. ಇಲ್ಲಿ ಒಬ್ಬರು ಡಾಕ್ಟರಬಾಯಿ ಇದ್ರು."

"ಹೌದ್ರಿ, ಕೇಳೇನಿ. ಭಾಳ ವರ್ಷ ಇದ್ರಂತ. ವಯಸ್ಸಾತಂತ ಬೆಳಗಾವಿಗೆ ಹೋಗ್ಯಾರ."

"ಅವರಲ್ಲ. ಅವರಿಗಿಂತ ಮೊದಲಿದ್ದವರು."

ಅವನು ಯೋಚಿಸಿದ. ಒಳಗಿದ್ದ ಹೆಂಡತಿಯನ್ನು ಮರಾಠಿಯಲ್ಲಿ ಕೇಳಿದ. ಆಕೆ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳಂತೆ. ಹೊರಬಂದು ನನ್ನನ್ನೊಮ್ಮೆ ನೋಡಿ, ಗುರುತು ಹತ್ತದೆ, ತಲೆಯಾಡಿಸಿದಳು.

"ಅವರಿಗಿಂತ ಮೊದಲ ಯಾರೂ ಇದ್ದಿಲ್ರಿ," ಎಂದಳು. "ಅವರ ಚಾಲೂ ಮಾಡಿದ್ದು."

"ಇದ್ರು," ಎಂದೆ ನಾನು. ಅಷ್ಟರಲ್ಲಿ ಬೇರೆ ಗಿರಾಕಿ ಬಂದ. ಅವರಿಬ್ಬರೂ ಆ ಕಡೆ ಹೋದರು.